ಮಾಕೈಮುರಾ: ಒಂದು ದುಸ್ಸಾಧ್ಯ ಕ್ರೀಡೆಯ ವಿಮರ್ಶೆ

ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ, ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೆ ಕಾಣುವಂಥದೂ ಕಿವಿಗೆ ಕೇಳುವಂಥದೂ ಆದ ಒಂದು ಆಟಿಕೆಯನ್ನು ತಮಗೆ ದಯಪಾಲಿಸಬೇಕೆಂದು ಬೇಡಿಕೊಂಡರೆಂದು ಹೇಳಿದೆ. ಅಲ್ಲಿ ಪ್ರಯೋಗವಾಗಿರುವ ಶಬ್ದವು ಕ್ರೀಡನೀಯಕವೆಂಬುದು. ನಾಟ್ಯವೇದವು ಹುಟ್ಟಿದುದು ಈ ಬೇಡಿಕೆಯ ಫಲವಾಗಿ. ಶಾಕುಂತಲದ ನಾಲ್ಕನೆಯ ಅಂಕವನ್ನೋದಿ ಕಣ್ಣೊರಸಿಕೊಳ್ಳುವ ನಾವು, ಆ ಕಲೆಯ ಬೇರಿನಲ್ಲಿ ಒಂದು ಆಟಿಕೆಯ ಆಸೆ ಇದ್ದಿತೆಂಬುದನ್ನು ಮರೆತೇಬಿಟ್ಟಿರುವೆವು. ಆದುದರಿಂದ, ಆಟವೊಂದನ್ನು ಈ ಪತ್ರಿಕೆಯ ವಿಮರ್ಶೆಯ ಪುಟಗಳಿಗೆ ತಂದುದಕ್ಕಾಗಿ ವಾಚಕಮಹಾಶಯರ ಕ್ಷಮೆಯನ್ನು ಬೇಡಬೇಕಾದ ಅಗತ್ಯವು ನನಗೆ ತೋರುವುದಿಲ್ಲ. ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ಮಾತ್ರ ಬಲ್ಲೆ. ಆರು ತಿಂಗಳ ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆನು.

ಆಟದ ಹೆಸರು ಮಾಕೈಮುರಾ. ಜಪಾನೀ ಭಾಷೆಯಲ್ಲಿ ಇದಕ್ಕೆ ಪಿಶಾಚಲೋಕದ ಹಳ್ಳಿ ಎಂಬ ಅರ್ಥವುಂಟು. ಜಪಾನಿನ ಹೊರಗೆ ಇದು ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1985ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಒಸಾಕಾ ನಗರದ ಕ್ಯಾಪ್‌ಕಾಮ್ ಎಂಬ ಸಂಸ್ಥೆಯು ಇದನ್ನು ಹೊರತಂದಿತು. ಇದರ ಕರ್ತೃ ತೊಕುರೊ ಫುಜಿವಾರಾ. ಸಂಗೀತವನ್ನು ಕೂಡಿಸಿದವರು ಆಯಾಕೊ ಮೋರಿ. ಅದೇ ವರ್ಷದಲ್ಲಿ ಫುಜಿವಾರಾ ಅವರು ಕಮ್ಯಾಂಡೊ ಎಂಬ ಇನ್ನೊಂದು ಆಟವನ್ನೂ ರಚಿಸಿದ್ದರು. ನಾಯಕನು ಓಡುತ್ತಲೇ ಆಯುಧಪ್ರಯೋಗ ಮಾಡುತ್ತ ಮುಂದುವರಿಯಬೇಕಾದ ಈ ಜಾತಿಯ ಆಟಗಳಿಗೆ ಬಲ್ಲವರು ರನ್ ಅಂಡ್ ಗನ್ ಎಂದು ಹೆಸರಿಟ್ಟಿದ್ದಾರೆ. 1987ರ ಕಾಂಟ್ರಾ, 1996ರ ಮೆಟಲ್ ಸ್ಲಗ್ ಇವು ಈ ಜಾತಿಯಲ್ಲಿ ಹೆಚ್ಚು ಹೆಸರಾದವು. ಅಲ್ಲಿ ಬಂದೂಕು, ಇಲ್ಲಿ ಭರ್ಜಿ ಎಂಬುದಷ್ಟೇ ಹೊರನೋಟದ ಭೇದ. ಒಳಗಿನ ಭೇದವನ್ನು ಮುಂದೆ ಹೇಳುವೆನು. ಇವೆಲ್ಲವೂ ಮೊದಲು ಬಂದುದು ಮನೆಗಲ್ಲ, ಅಂಗಡಿಗೆ. ಆಳೆತ್ತರದ ಪೆಟ್ಟಿಗೆ, ಅದರಲ್ಲೊಂದು ಪರದೆ, ಒಂದು ಹಿಡಿಕೆ, ಎರಡು ಗುಂಡಿ, ನಾಣ್ಯ ಹಾಕಲು ಒಂದು ಸೀಳು. ನಾಣ್ಯ ಹಾಕಿದವನು ಸಾಯುವವರೆಗೆ ಆಡಬಹುದು.

ನನಗೆ ಇದು ದೊರೆತುದು ಪೆಟ್ಟಿಗೆಯಲ್ಲಿ ಅಲ್ಲ. ಹಳೆಯ ಅಂಗಡಿಯಾಟಗಳನ್ನು ಒಟ್ಟುಗೂಡಿಸಿ ಕ್ಯಾಪ್‌ಕಾಮ್ ಸಂಸ್ಥೆಯೇ 2021ರಲ್ಲಿ ಆರ್ಕೇಡ್ ಸ್ಟೇಡಿಯಮ್ ಎಂಬ ಸಂಕಲನವೊಂದನ್ನು ಪ್ರಕಟಿಸಿತು. ರಜೆಗೆ ಬಂದಿದ್ದ ನನ್ನ ಮೊಮ್ಮಗನು ಅದನ್ನು ತನ್ನ ಯಂತ್ರದಲ್ಲಿ ಹಾಕಿ ತೋರಿಸಿದನು. ಹುಡುಗನು ಪದೇ ಪದೇ ಸಾಯುತ್ತಿದ್ದನು, ಪದೇ ಪದೇ ನಗುತ್ತಿದ್ದನು. ಸೋತವನು ನಗುವುದೇಕೆಂಬ ಕುತೂಹಲದಿಂದ ನಾನು ಕನ್ನಡಕವನ್ನು ಒರಸಿಕೊಂಡು ಕುಳಿತೆನು.

ಕಥೆಯು ಅತ್ಯಲ್ಪವಾದುದು. ಆರ್ಥರ್ ಎಂಬ ವೀರಯೋಧನೂ ಒಬ್ಬ ರಾಜಕುಮಾರಿಯೂ ರಾತ್ರಿಯಲ್ಲಿ ಸ್ಮಶಾನವೊಂದರಲ್ಲಿ ಕುಳಿತಿದ್ದಾರೆ. ಸ್ಮಶಾನವನ್ನೇ ಏಕೆ ಆರಿಸಿಕೊಂಡರೆಂದು ಕೇಳತಕ್ಕುದಲ್ಲ. ಯೋಧನು ಒಳಚಡ್ಡಿಯೊಂದನ್ನು ಮಾತ್ರ ಧರಿಸಿದ್ದಾನೆ. ಪಿಶಾಚನೊಬ್ಬನು ಹಾರಿ ಬಂದು ರಾಜಕುಮಾರಿಯನ್ನು ಅಪಹರಿಸುತ್ತಾನೆ. ಯೋಧನು ತಟ್ಟನೆ ಕವಚವನ್ನು ತೊಟ್ಟು ಬೆನ್ನಟ್ಟುತ್ತಾನೆ. ಸೀತಾಪಹರಣದ ನೆನಪು ನಮ್ಮವರಿಗೆ ಬಾರದೆ ಇರದು. ಆದರೆ ಆ ಸಾದೃಶ್ಯವನ್ನು ಬೆಳೆಸುವುದು ವ್ಯರ್ಥ. ಇಲ್ಲಿನ ಕಥೆಯು ಓಟಕ್ಕೊಂದು ನೆಪವಲ್ಲದೆ ಬೇರೆಯಲ್ಲ. ಕವಚವು ಮಾತ್ರ ನೆಪವಲ್ಲ. ಶತ್ರುವಿನ ಒಂದು ಸೋಂಕಿಗೆ ಅದು ಸಿಡಿದು ಬಿದ್ದುಹೋಗುವುದು. ಆಗ ವೀರಾಗ್ರಣಿಯು ಅದೇ ಒಳಚಡ್ಡಿಯಲ್ಲಿ, ಭರ್ಜಿ ಎಸೆಯುತ್ತ, ಪ್ರೇತಗಳ ನಡುವೆ ಓಡುತ್ತಾನೆ. ಎರಡನೆಯ ಸೋಂಕಿಗೆ ಎಲುಬಿನ ರಾಶಿಯಾಗಿ ಕುಸಿಯುತ್ತಾನೆ. ಹಾಸ್ಯದ ವಿಭಾವಗಳಲ್ಲಿ ವಿಕೃತವೇಷವನ್ನು ಭರತನು ಹೇಳಿದ್ದಾನಷ್ಟೆ. ಯೋಧನ ಪ್ರಾಣಸಂಕಟದ ಕ್ಷಣವನ್ನೇ ಅವನ ಪರಿಹಾಸದ ಕ್ಷಣವನ್ನಾಗಿ ಮಾಡಿರುವುದು ಈ ಕರ್ತೃವಿನ ಮೊದಲ ಜಾಣ್ಮೆ. ಎಷ್ಟು ಪ್ರಾಣ ಉಳಿದಿದೆಯೆಂದು ಅಂಕಿಯಲ್ಲಿ ತೋರಿಸದೆ ಉಡುಪಿನಲ್ಲಿ ತೋರಿಸಿದ್ದಾನೆ. ಮೊಮ್ಮಗನ ನಗುವಿನ ಅರ್ಧ ಕಾರಣ ನನಗೆ ಆಗಲೇ ತಿಳಿಯಿತು.

ಉಳಿದರ್ಧವು ತಿಳಿಯಬೇಕಾದರೆ ನಾನೇ ಆಡಬೇಕಾಯಿತು. ಆಡಿದೆನು. ಮೊದಲ ದಿನ ಮೊದಲ ಸ್ಮಶಾನವನ್ನು ದಾಟಲಿಲ್ಲ. ನೆಲದೊಳಗಿನಿಂದ ಹೆಣಗಳು ಏಳುವುವು. ಕಾಲಿನ ಕೆಳಗೇ ಏಳುವುದೂ ಉಂಟು. ಗೋರಿಕಲ್ಲಿನ ಮೇಲೆ ಕುಳಿತ ಕಾಗೆಗಳು ಸಮಯ ನೋಡಿ ಹಾರುವುವು. ಗಿಡಗಳು ಉಗುಳುವುವು. ಗೋರಿಯೊಂದಕ್ಕೆ ಅನಾವಶ್ಯಕವಾಗಿ ಮೇಲಿಂದ ಮೇಲೆ ಭರ್ಜಿ ಎಸೆದರೆ ಮಾಂತ್ರಿಕನೊಬ್ಬನು ಹೊರಟು ಯೋಧನನ್ನು ಕಪ್ಪೆಯಾಗಿ ಮಾಡಿಬಿಡುವನು. ಇದರ ಮೇಲೆ, ಕಾಲವು ಪರದೆಯ ಮೇಲೆ ಇಳಿಯುತ್ತಲೇ ಇರುವುದು. ನಿಂತು ಯೋಚಿಸಲು ಬಿಡುವಿಲ್ಲ. ಆಯುಧವಾದರೋ ಎಡಕ್ಕೆ ಅಥವಾ ಬಲಕ್ಕೆ ಮಾತ್ರ ಹಾರುವುದು. ತಲೆಯ ಮೇಲಿರುವ ವೈರಿಯನ್ನು ಕಣ್ಣಿನಿಂದ ನೋಡಬಹುದಲ್ಲದೆ ಹೊಡೆಯಲಾಗದು. ಮೇಲಕ್ಕೆಸೆಯುವ ಶಕ್ತಿಯು ಆರ್ಥರನಿಗೆ ಬಂದುದು 1988ರ ಉತ್ತರಕಥೆಯಲ್ಲಿ.

ಈ ಆಟದ ಮರ್ಮವಿರುವುದು ನೆಗೆತದಲ್ಲಿ. ವಾಚಕರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಗುಂಡಿಯನ್ನು ಒತ್ತಿದರೆ ಯೋಧನು ನೆಗೆಯುವನು. ಹಿಡಿಕೆಯನ್ನು ಮುಂದಕ್ಕೆ ಹಿಡಿದು ಒತ್ತಿದರೆ ಮುಂದಕ್ಕೆ, ಸುಮ್ಮನೆ ಒತ್ತಿದರೆ ನೇರವಾಗಿ ಮೇಲಕ್ಕೆ. ಒಮ್ಮೆ ಕಾಲು ನೆಲವನ್ನು ಬಿಟ್ಟಿತೆಂದರೆ ಆಯಿತು. ಆ ಕಮಾನು ಅಲ್ಲಿಗೇ ನಿಶ್ಚಿತ. ಗಾಳಿಯಲ್ಲಿರುವಾಗ ಮುಂದೆ ಪ್ರೇತವೊಂದು ಎದ್ದಿತು, ಇಳಿಯುವ ಸ್ಥಳದಲ್ಲಿ ಬೆಂಕಿ ಹೊತ್ತಿತು, ಹಿಂದಕ್ಕೆ ತಿರುಗಬೇಕು ಎಂದುಕೊಂಡು ಹಿಡಿಕೆಯನ್ನು ಎಷ್ಟು ಎಳೆದರೂ ಯೋಧನು ಕೇಳುವುದಿಲ್ಲ. ತಾನು ಸಾಯುವ ಸ್ಥಳದ ಕಡೆಗೆ ಗಂಭೀರವಾಗಿ ಇಳಿದು ಹೋಗುವನು. ಅಚ್ಚರಿಯೆಂದರೆ, ಇದೇ 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿಯೇ ಸೂಪರ್ ಮಾರಿಯೊ ಬ್ರದರ್ಸ್ ಎಂಬ ಲೋಕಪ್ರಸಿದ್ಧ ಆಟವೂ ಹೊರಬಂದಿತು. ಅದರಲ್ಲಿನ ಕೊಳಾಯಿ ಕೆಲಸದವನು ನಡುಗಾಳಿಯಲ್ಲಿ ಹಿಂದು ಮುಂದಕ್ಕೆ ಹೊರಳಬಲ್ಲನು. ಕಾಂಟ್ರಾದ ಸೈನಿಕರಿಗೂ ಆ ಅನುಕೂಲವುಂಟು. ನಾನು ಹಿಂದೆ ಸೂಚಿಸಿದ ಒಳಗಿನ ಭೇದವು ಇದೇ. ಅವರೆಲ್ಲರೂ ನೆಗೆದ ಮೇಲೆ ಯೋಚಿಸಬಹುದು; ಆರ್ಥರನು ನೆಗೆಯುವ ಮೊದಲೇ ಯೋಚಿಸಿರಬೇಕು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಇದು ಹೊಸತಲ್ಲ. ವಾಕ್ಯಾರ್ಥಸಭೆಯಲ್ಲಿ ಕುಳಿತು ಪ್ರತಿಜ್ಞೆಯೊಂದನ್ನು ಆಡಿದ ಮೇಲೆ ಅದನ್ನು ತಿರುಗಿಸುವಂತಿಲ್ಲ. ನ್ಯಾಯಸೂತ್ರಗಳ ಕಡೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು, ಎಂದರೆ ವಾದಿಯು ಸೋತನೆಂದು ತೀರ್ಮಾನಿಸಬಹುದಾದ ಎಡೆಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಪ್ರತಿಜ್ಞಾಹಾನಿ, ಎರಡನೆಯದು ಪ್ರತಿಜ್ಞಾಂತರ. ಆಡಿದ ಮಾತನ್ನು ಬಿಟ್ಟುಕೊಡುವುದೂ ಸೋಲು, ನಡುವೆ ಬೇರೊಂದಕ್ಕೆ ಜಾರುವುದೂ ಸೋಲು. ಕೊಳಾಯಿ ಕೆಲಸದವನ ಆಕಾಶದ ಹೊರಳಾಟವು ಶುದ್ಧ ಪ್ರತಿಜ್ಞಾಂತರವೆಂದು ನಾನು ಮೊಮ್ಮಗನಿಗೆ ಹೇಳಿದೆನು. ಅವನಿಗೆ ಅರ್ಥವಾಗಲಿಲ್ಲ, ಅವನ ತಾಯಿಯು ನಕ್ಕಳು.

ತಿರುಗಿಸಲಾಗದ ನೆಗೆತದಿಂದ ಆಗುವ ಒಂದು ಪರಿಣಾಮವನ್ನು ಗಮನಿಸಬೇಕು. ಸತ್ತಾಗ ದೂರು ಹೇಳಲು ಯಾರೂ ಸಿಕ್ಕುವುದಿಲ್ಲ. ಯಂತ್ರವು ಕೈಯನ್ನು ತಪ್ಪಿಸಲಿಲ್ಲ, ವೈರಿಯು ಮೋಸ ಮಾಡಲಿಲ್ಲ. ಅರ್ಧ ಕ್ಷಣದ ಹಿಂದೆ ನಾನೇ ನಿರ್ಧರಿಸಿದ್ದೆನು, ಆ ನಿರ್ಧಾರದೊಡನೆ ಕೆಳಗಿಳಿಯುತ್ತಿರುವೆನು. ನಿರ್ಧಾರಕ್ಕೂ ಮರಣಕ್ಕೂ ನಡುವೆ ಉಳಿಯುವ ಆ ಅರ್ಧ ಕ್ಷಣದಲ್ಲಿ ಮನುಷ್ಯನು ತನ್ನ ತಪ್ಪನ್ನು ಕಣ್ಣಾರೆ ನೋಡುವನು. ಮೊಮ್ಮಗನ ನಗು ಹುಟ್ಟುತ್ತಿದ್ದುದು ಆ ಎಡೆಯಲ್ಲಿ. ಮೂವತ್ತೈದು ವರ್ಷ ಪಾಠ ಹೇಳಿದವನು ನಾನು. ವಿಭಕ್ತಿಯಲ್ಲಿ ತಪ್ಪಿದ ಹುಡುಗನಿಗೆ ಅವನ ತಪ್ಪು ಅವನಿಗೇ ಕಾಣುವ ಮೊದಲು ನನ್ನ ಧ್ವನಿಯು ಏರಿಬಿಡುತ್ತಿದ್ದಿತು. ಈ ಪೆಟ್ಟಿಗೆಯ ಯಂತ್ರವು ನನಗಿಂತ ಕಠಿನವಾದ ಉಪಾಧ್ಯಾಯನು, ಆದರೆ ಅದಕ್ಕೆ ಕೋಪವೆಂಬುದಿಲ್ಲ. ಎಲುಬಿನ ರಾಶಿಯನ್ನು ತೋರಿಸಿ, ಘಟ್ಟದ ನಡುವಣ ನೆಲೆಯನ್ನು ದಾಟಿದ್ದರೆ ಅಲ್ಲಿಂದ, ಇಲ್ಲವಾದರೆ ಆದಿಯಿಂದ, ಇನ್ನೊಮ್ಮೆ ಎನ್ನುವುದು. ಮೋರಿಯವರ ರಾಗವೂ ಮತ್ತೆ ಮೊದಲಿನಿಂದ ಆರಂಭವಾಗುವುದು. ಆ ರಾಗದ ಮೊದಲ ಕೆಲವು ಸ್ವರಗಳು ನಮ್ಮ ಮನೆಯ ಎಲ್ಲರಿಗೂ ಬಾಯಿಪಾಠವಾಗಿವೆ. ಉತ್ತರಾರ್ಧವನ್ನು ಕೇಳಿದವರು ಕಡಿಮೆ.

ಇನ್ನು ರಸದ ವಿಚಾರ. ವೀರಕ್ಕೂ ಭಯಾನಕಕ್ಕೂ ವಿರೋಧವುಂಟೆಂದು ಆಲಂಕಾರಿಕರ ಮತ. ಒಬ್ಬನಲ್ಲಿಯೇ ಉತ್ಸಾಹವೂ ಭಯವೂ ಸ್ಥಾಯಿಯಾಗಿ ನಿಲ್ಲಲಾರವು. ಅಂಥ ವಿರೋಧಿಗಳನ್ನು ಒಂದೇ ಕೃತಿಯಲ್ಲಿ ತರಬೇಕಾದರೆ ಆಶ್ರಯವನ್ನು ಬೇರೆ ಮಾಡಬೇಕು, ಉತ್ಸಾಹವು ನಾಯಕನಲ್ಲಿಯೂ ಭಯವು ಅವನ ವೈರಿಯಲ್ಲಿಯೂ ಇರುವಂತೆ ಯೋಜಿಸಬೇಕು ಎಂಬುದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ತೋರಿದ ದಾರಿ. ಈ ಆಟದಲ್ಲಿ ಆಶ್ರಯಭೇದವು ಒಂದು ವಿಚಿತ್ರ ರೀತಿಯಲ್ಲಿ ನಡೆದಿದೆ. ಆರ್ಥರನ ಮುಖದಲ್ಲಿ ಭಯವಿಲ್ಲ. ಕವಚವಿದ್ದರೂ ಇಲ್ಲದಿದ್ದರೂ ಅವನ ಓಟ ಒಂದೇ. ವೈರಿಗಳಲ್ಲಿಯೂ ಭಯವಿಲ್ಲ. ಭಯವೆಲ್ಲವೂ ಪರದೆಯ ಈಚೆಗೆ, ಹಿಡಿಕೆಯನ್ನು ಹಿಡಿದವನ ಬೆವೆತ ಅಂಗೈಯಲ್ಲಿ. ನಾಟಕವನ್ನು ನೋಡುವ ಸಹೃದಯನು ಪಾತ್ರದ ಭಯವನ್ನು ಆಸ್ವಾದಿಸುವನು. ಇಲ್ಲಿ ಪಾತ್ರಕ್ಕಿಲ್ಲದ ಭಯವನ್ನು ಪ್ರೇಕ್ಷಕನು ಅನುಭವಿಸುವನು, ಅವನಿಗಿಲ್ಲದ ಧೈರ್ಯವನ್ನು ಪಾತ್ರವು ತೋರುವುದು. ಇದನ್ನು ರಸವೆನ್ನಬಹುದೆ, ಬರಿಯ ಲೌಕಿಕ ಭಯವೆನ್ನಬೇಕೆ ಎಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಲೌಕಿಕ ಭಯವಾಗಿದ್ದರೆ ನಾನು ಓಡಿಹೋಗುತ್ತಿದ್ದೆನು. ಸಂಜೆಯ ಸಂಧ್ಯಾವಂದನೆ ಮುಗಿದೊಡನೆ ಮತ್ತೆ ಅಲ್ಲಿಗೇ ಬಂದು ಕುಳಿತೆನಾದುದರಿಂದ, ಅದರಲ್ಲಿ ಆಸ್ವಾದವೇನೋ ಇದ್ದಿರಬೇಕು.

ಮೊದಲ ಸ್ಮಶಾನದಲ್ಲಿಯೇ ಕೆಂಪು ದೇಹದ, ರೆಕ್ಕೆಯುಳ್ಳ ಒಬ್ಬ ಪಿಶಾಚನು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತಾನೆ. ಇವನ ಹೆಸರು ರೆಡ್ ಆರಿಮರ್. ಈ ಆಟವನ್ನು ಆಡಿದವರೆಲ್ಲರೂ ಮೊದಲು ಹೆಸರಿಸುವ ವೈರಿ ಇವನೇ. ಉಳಿದ ಪ್ರೇತಗಳು ತಮಗೆ ವಿಧಿಸಿದ ದಾರಿಯಲ್ಲಿ ನಡೆದು ಸಾಯುವುವು. ಇವನು ನೋಡುತ್ತಿರುತ್ತಾನೆ. ಭರ್ಜಿ ಬಂದರೆ ಮೇಲಕ್ಕೇರುತ್ತಾನೆ. ನಾವು ಹೊಡೆಯಲಾಗದ ಎತ್ತರದಲ್ಲಿ ತೂಗಾಡುತ್ತಾನೆ. ನಾವು ಹೆದರಿ ಹಿಂದಕ್ಕೆ ಸರಿದೊಡನೆ ಓರೆಯಾಗಿ ಎರಗುತ್ತಾನೆ. ಓಡಿಹೋಗುವವನನ್ನು ಕೊಲ್ಲುವನು, ಅವಸರದಿಂದ ಮುನ್ನುಗ್ಗುವವನನ್ನೂ ಕೊಲ್ಲುವನು. ಅವನು ಇಳಿದು ಎದೆಯ ಮಟ್ಟಕ್ಕೆ ಬರುವ ಒಂದು ಗಳಿಗೆಯುಂಟು. ಆಗ ಅವನ ಕಡೆಗೇ ಮುಖ ಮಾಡಿ, ಕಾಲು ಕದಲಿಸದೆ, ಎಸೆಯಬೇಕು. ನನಗೆ ಇದನ್ನು ಕಲಿಯಲು ಹನ್ನೊಂದು ದಿನ ಹಿಡಿಯಿತು. ಪ್ರತಿನಾಯಕನಲ್ಲಿ ಇಷ್ಟು ಬುದ್ಧಿಯನ್ನಿಟ್ಟ ಕರ್ತೃವು ಅವನನ್ನು ಪ್ರೀತಿಸಿಯೇ ಇಟ್ಟಿರಬೇಕು. 1990ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯು ಈ ಪಿಶಾಚನನ್ನೇ ನಾಯಕನನ್ನಾಗಿ ಮಾಡಿ, ಗಾರ್ಗಾಯ್ಲ್ಸ್ ಕ್ವೆಸ್ಟ್ ಎಂಬ ಬೇರೊಂದು ಆಟವನ್ನು ಅಂಗೈಯಗಲದ ಯಂತ್ರಕ್ಕಾಗಿ ಹೊರತಂದಿತು. ಗದಾಯುದ್ಧದ ದುರ್ಯೋಧನನನ್ನು ಮೆಚ್ಚಿದ ನಮ್ಮವರಿಗೆ ಇದು ಆಶ್ಚರ್ಯವಲ್ಲ.

ಇಂಥ ಆಟಗಳ ಕಾಠಿನ್ಯದ ಬಗೆಗೆ ಒಂದು ಸಾಮಾನ್ಯವಾದ ಆಕ್ಷೇಪವುಂಟು. ಅಂಗಡಿಯವನಿಗೆ ನಾಣ್ಯ ಬೇಕು. ಆಟಗಾರನು ಬೇಗ ಸತ್ತಷ್ಟೂ ನಾಣ್ಯ ಬೇಗ ಬೀಳುವುದು. ಆದುದರಿಂದ ಕಾಠಿನ್ಯವು ವ್ಯಾಪಾರದ ಉಪಾಯವೇ ಹೊರತು ಕಲೆಯ ಗುಣವಲ್ಲ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ 1986ರಲ್ಲಿ ಈ ಆಟವು ಫ್ಯಾಮಿಕಾಮ್ ಎಂಬ ಮನೆಯ ಯಂತ್ರಕ್ಕೆ ಬಂದಿತು. ಮನೆಯಲ್ಲಿ ನಾಣ್ಯದ ಸೀಳಿಲ್ಲ. ಆದರೂ ಅಲ್ಲಿಯೂ ಯೋಧನು ಎರಡು ಸೋಂಕಿಗೆ ಸತ್ತನು, ಅಲ್ಲಿಯೂ ನೆಗೆತವನ್ನು ತಿರುಗಿಸಲಾಗಲಿಲ್ಲ. 1991ರ ಮನೆಯಾಟದಲ್ಲಿ ಆಕಾಶದಲ್ಲಿ ಎರಡನೆಯದೊಂದು ನೆಗೆತವನ್ನು ಕೊಟ್ಟರು. ಅದನ್ನೂ ಒಮ್ಮೆ ಪ್ರಯೋಗಿಸಿದ ಮೇಲೆ ಮುಗಿಯಿತು. ಮೂವತ್ತೈದು ವರ್ಷಗಳು ಕಳೆದ ಮೇಲೆ, 2021ರಲ್ಲಿ, ಫುಜಿವಾರಾ ಅವರೇ ಮರಳಿ ಬಂದು ಇದೇ ಕಥೆಯನ್ನು ಹೊಸ ಚಿತ್ರಗಳಿಂದ ನಿರ್ಮಿಸಿದರು. ಅದರಲ್ಲಿ ಅಶಕ್ತರಿಗಾಗಿ ಪೇಜ್ ಎಂಬ ಸುಲಭವಾದ ಮಟ್ಟವೊಂದನ್ನೂ ಇಟ್ಟರು. ಆದರೆ ಮೇಲಣ ಮಟ್ಟಗಳಲ್ಲಿ ಹಳೆಯ ಕಾಠಿನ್ಯವನ್ನು ಸಡಲಿಸಲಿಲ್ಲ. ನಾಣ್ಯ ಹೋದ ಮೇಲೂ ಉಳಿದುದನ್ನು ನಾಣ್ಯಕ್ಕಾಗಿ ಹುಟ್ಟಿದುದೆನ್ನುವುದು ಹೇಗೆ?

ಗುಣಗಳನ್ನು ಇಷ್ಟು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡಬಾರದು. ಕೆಲವು ಪ್ರೇತಗಳು ಕುಡಿಕೆಗಳನ್ನು ಹೊತ್ತು ಬರುವುವು. ಅವನ್ನು ಕೊಂದರೆ ಕುಡಿಕೆಯಿಂದ ಬೇರೆ ಆಯುಧವು ದೊರೆಯುವುದುಂಟು. ಕಠಾರಿ ಸಿಕ್ಕಿದರೆ ಭಾಗ್ಯ; ಅದು ಬೇಗ ಹಾರುವುದು. ಪಂಜು ಸಿಕ್ಕಿದರೆ ದೌರ್ಭಾಗ್ಯ. ಅದು ಮುಂದೆ ಸ್ವಲ್ಪ ದೂರದಲ್ಲಿ ಬಿದ್ದು ನೆಲವನ್ನು ಸುಡುವುದಲ್ಲದೆ ಬೇರೇನೂ ಮಾಡದು. ಬೇಡವಾದ ಆಯುಧವನ್ನು ಸೋಂಕಿದರೂ ಸಾಕು, ಕೈಯಲ್ಲಿದ್ದುದು ಹೋಗಿ ಅದೇ ಬರುವುದು. ತಿರುಗಿಸಲಾಗದ ನೆಗೆತದಿಂದ ಪಂಜಿನ ಮೇಲೆಯೇ ಇಳಿಯುವ ಯೋಧನನ್ನು ನೋಡಿದಾಗ ನನಗೆ ಮರುಕವೂ ನಗುವೂ ಒಟ್ಟಿಗೆ ಬಂದುವು. ಇದನ್ನು ದೋಷವೆನ್ನಲು ಮನಸ್ಸು ಪೂರ್ತಿ ಒಪ್ಪದು. ಏಕೆಂದರೆ ಪಂಜು ಕಣ್ಣಿಗೆ ಕಾಣುತ್ತಿದ್ದಿತು.

ನಿಜವಾದ ದೋಷವು ಕಡೆಯಲ್ಲಿದೆ. ಕೋಟೆಯನ್ನೇರಿ ಪಿಶಾಚರಾಜನ ಬಾಗಿಲಿಗೆ ಬಂದವನ ಕೈಯಲ್ಲಿ ಶಿಲುಬೆಯೆಂಬ ಆಯುಧವೇ ಇರಬೇಕು, ಪಾಠಾಂತರದಲ್ಲಿ ಗುರಾಣಿ. ಅದು ಹೆಚ್ಚು ದೂರ ಹೋಗದ, ಜಾಣರು ಯಾರೂ ಇಷ್ಟಪಡದ ಆಯುಧ. ಕಠಾರಿಯನ್ನು ಹಿಡಿದು ಬಂದಿದ್ದರೆ ಹಿಂದಣ ಘಟ್ಟಕ್ಕೆ ತಳ್ಳಿಬಿಡುವರು. ಆಟದ ಆರಂಭದಲ್ಲಿ ಸ್ಮಶಾನದಿಂದ ಕೋಟೆಯವರೆಗಿನ ದಾರಿಯನ್ನೆಲ್ಲ ಭೂಪಟದಲ್ಲಿ ತೋರಿಸುವ ಕರ್ತೃವು, ಈ ನಿಯಮದ ಸೂಚನೆಯನ್ನು ಎಲ್ಲಿಯೂ ಇಟ್ಟಿಲ್ಲ. ನಾಟಕದ ಮುಖಸಂಧಿಯಲ್ಲಿ ಬೀಜವು ಬಿದ್ದಿರಬೇಕು, ನಿರ್ವಹಣದಲ್ಲಿ ಅದು ಫಲಿಸಬೇಕು ಎಂಬುದು ನಮ್ಮ ಶಾಸ್ತ್ರ. ಬಿತ್ತದ ಬೀಜದ ಫಲವನ್ನು ಕೇಳುವುದು ಅನ್ಯಾಯ. ನೆಗೆತದ ಕಾಠಿನ್ಯಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಿರಿ. ಅಲ್ಲಿ ನಿಯಮವು ಮೊದಲ ಹೆಜ್ಜೆಯಲ್ಲಿಯೇ ತಿಳಿಯುವುದು, ತಪ್ಪು ನಮ್ಮದಾಗಿರುವುದು. ಇಲ್ಲಿ ತಪ್ಪು ಮಾಡದವನಿಗೆ ಶಿಕ್ಷೆ. ಪರೀಕ್ಷೆಯಲ್ಲಿ ಪಾಠ ಹೇಳದ ಭಾಗದಿಂದ ಪ್ರಶ್ನೆ ಕೇಳುವ ಉಪಾಧ್ಯಾಯರನ್ನು ನಾನು ಬಲ್ಲೆ. ಅವರನ್ನು ಯಾರೂ ಕಠಿನರೆಂದು ಗೌರವಿಸಲಿಲ್ಲ.

ಶಿಲುಬೆಯನ್ನು ಹಿಡಿದು ಬಂದು ಪಿಶಾಚರಾಜನನ್ನು ಗೆದ್ದವನಿಗಾದರೂ ರಾಜಕುಮಾರಿಯು ದೊರೆಯುವಳೆ? ಇಲ್ಲ. ಈ ಕೋಣೆಯೂ ಈ ಜಯವೂ ಪಿಶಾಚನು ಒಡ್ಡಿದ ಮಾಯೆಯೆಂದು ಪರದೆಯ ಮೇಲೆ ಅಕ್ಷರಗಳು ಮೂಡುವುವು. ಯೋಧನು ಮೊದಲ ಸ್ಮಶಾನದಿಂದಲೇ, ಮೊದಲಿಗಿಂತ ಉಗ್ರರಾದ ವೈರಿಗಳ ನಡುವೆ, ಎಲ್ಲವನ್ನೂ ಇನ್ನೊಮ್ಮೆ ದಾಟಿ ಬರಬೇಕು. ಎರಡನೆಯ ಸಲದ ಜಯವೇ ಜಯ. ಇದನ್ನು ಕುರಿತು ಆಡಿದವರಲ್ಲಿ ನಾಲ್ಕು ದಶಕಗಳಿಂದಲೂ ಸಿಟ್ಟಿದೆ. ನನ್ನ ಅಭಿಪ್ರಾಯವನ್ನು ಹೇಳುವ ಮೊದಲು, ನಾನು ಆ ಅಕ್ಷರಗಳನ್ನು ಓದಿದುದು ಹೇಗೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

2021ರ ಸಂಕಲನದಲ್ಲಿ ಒಂದು ಸೌಕರ್ಯವುಂಟು. ಗುಂಡಿಯೊಂದನ್ನು ಒತ್ತಿ ಹಿಡಿದರೆ ಕಾಲವು ಹಿಂದಕ್ಕೆ ಸುತ್ತಿಕೊಳ್ಳುವುದು. ಎಲುಬುಗಳು ಒಂದುಗೂಡಿ ಯೋಧನಾಗುವುವು, ಕವಚವು ಬಂದು ಮೈಗಂಟುವುದು, ಅವನು ಇಳಿದ ಕಮಾನಿನಲ್ಲಿಯೇ ಹಿಂದುಹಿಂದಕ್ಕೆ ಏರಿ ನೆಲಕ್ಕೆ ಬರುವನು. ತಪ್ಪಿದ ನೆಗೆತವನ್ನು ನೆಗೆಯಲೇ ಇಲ್ಲವೆನ್ನಬಹುದು. ಮೊಮ್ಮಗನು ಇದನ್ನು ತೋರಿಸಿಕೊಟ್ಟ ಮೇಲೆ ನಾವಿಬ್ಬರೂ ಸೇರಿ ಎರಡು ಮಧ್ಯಾಹ್ನಗಳಲ್ಲಿ ಹಿಮದ ದಾರಿ, ಗುಹೆ, ಬೆಂಕಿಯ ಸೇತುವೆ, ಕೋಟೆ ಎಲ್ಲವನ್ನೂ ದಾಟಿದೆವು. ಎಷ್ಟು ಸಲ ಕಾಲವನ್ನು ಹಿಂದಿರುಗಿಸಿದೆವೆಂಬುದಕ್ಕೆ ಲೆಕ್ಕವಿಲ್ಲ. ಶಿಲುಬೆಯ ಸಂಗತಿಯು ಹುಡುಗನಿಗೆ ಗೊತ್ತಿದ್ದಿತು. ಪಿಶಾಚರಾಜನು ಬಿದ್ದನು. ನನ್ನ ಅಂಗೈ ಒಣಗಿದ್ದಿತು. ಆಗ, ಇದೆಲ್ಲವೂ ಮಾಯೆ ಎಂಬ ಅರ್ಥದ ಅಕ್ಷರಗಳು ಬಂದುವು.

ನನಗೆ ಸಿಟ್ಟು ಬರಲಿಲ್ಲ. ಆ ವಾಕ್ಯವು ನಮ್ಮ ವಿಷಯದಲ್ಲಿ ಯಥಾರ್ಥವಾಗಿದ್ದಿತು. ನಾಣ್ಯ ಹಾಕಿ, ಕಾಲು ನೋಯುವಂತೆ ನಿಂತು, ಒಂದೊಂದು ನೆಗೆತಕ್ಕೂ ಬೆಲೆ ತೆತ್ತು ಅಲ್ಲಿಗೆ ಬಂದ 1985ರ ಆಟಗಾರನಿಗೆ ಅದೇ ಮಾತು ಎಂಥ ಕ್ರೂರ ಪರಿಹಾಸವಾಗಿ ಕೇಳಿಸಿರಬೇಕು! ಅವನ ಜಯವು ಮಾಯೆಯಾಗಿರಲಿಲ್ಲ. ಆದುದರಿಂದ ಅವನ ಸಿಟ್ಟು ನ್ಯಾಯವಾದುದು. ಆದರೂ ಒಂದು ಮಾತನ್ನು ಕರ್ತೃವಿನ ಪರವಾಗಿ ಹೇಳಬಹುದು. ಎರಡನೆಯ ಸುತ್ತನ್ನು ಆರಂಭಿಸುವವನು ಮೊದಲನೆಯದನ್ನು ಆರಂಭಿಸಿದವನಲ್ಲ. ಯಾವ ಗೋರಿಯ ಬಳಿ ಹೆಣವೇಳುವುದು, ಕೆಂಪು ಪಿಶಾಚನು ಯಾವಾಗ ಇಳಿಯುವನು ಎಂಬುದೆಲ್ಲ ಅವನ ಕೈಬೆರಳಿಗೆ ತಿಳಿದಿದೆ. ವೇದಪಾಠದಲ್ಲಿ ಪದಪಾಠವಾದ ಮೇಲೆ ಕ್ರಮ, ಜಟೆ, ಘನ ಎಂದು ಅದೇ ಮಂತ್ರವನ್ನು ಮತ್ತೆ ಮತ್ತೆ ಹೆಣೆದು ಹೇಳಿಸುವರು. ನಾಲ್ಕನೆಯ ಸಲದಲ್ಲಿ ಹುಡುಗನು ಅದೇ ಮಂತ್ರವನ್ನೇ ಹೇಳುವನಾದರೂ ಅವನ ಹಿಡಿತವು ಬೇರೆಯೇ ಆಗಿರುವುದು. ಎರಡನೆಯ ಸುತ್ತನ್ನು ಬಹಿರಂಗವಾಗಿ, ಮೊದಲೇ ಹೇಳಿ ವಿಧಿಸಿದ್ದರೆ ನಾನು ಅದನ್ನು ಗುಣವೆಂದೇ ಎಣಿಸುತ್ತಿದ್ದೆನು. ಬಚ್ಚಿಟ್ಟುದರಿಂದ ಅದು ಶಿಲುಬೆಯ ನಿಯಮದ ಸಹೋದರನಾಯಿತು. ಇಷ್ಟಾದರೂ ಇದು ಹೊರಗಿನಿಂದ ನೋಡಿದವನ ತೀರ್ಪು. ಒಳಗಿನಿಂದ ಅಲ್ಲಿಗೆ ಹೋದವರು ಬೇರೆ ಹೇಳಿದರೆ ಅವರ ಮಾತೇ ಪ್ರಮಾಣ.

ಕಾಲವನ್ನು ಹಿಂದಿರುಗಿಸುವ ಗುಂಡಿಯನ್ನು ನಾನು ನಿಂದಿಸಲಾರೆನು. ಎಳೆಯರಿಗೂ, ಕೈ ನಡುಗುವ ಮುದುಕರಿಗೂ, ಮುಂದಿನ ಚಿತ್ರಗಳನ್ನು ನೋಡುವ ಆಸೆ ಸಹಜವಾದುದು. ಮೂಲವನ್ನೋದಲಾರದವನು ಕಥಾಸಾರವನ್ನೋದುವಂತೆ ಅದೂ ಒಂದು ಉಪಕಾರ. ಆದರೆ ಕಥಾಸಾರವನ್ನೋದಿದವನು ಕಾವ್ಯವನ್ನೋದಿದೆನೆಂದು ಸಭೆಯಲ್ಲಿ ಹೇಳಬಾರದು. ಈ ಆಟದ ವಿಷಯದಲ್ಲಿಯಂತೂ ಆ ಗುಂಡಿಯು ತೆಗೆದುಹಾಕುವುದು ಹೊರಗಿನ ಅಲಂಕಾರವನ್ನಲ್ಲ. ತಿರುಗಿಸಲಾಗದ ನೆಗೆತವೊಂದೇ ಇಲ್ಲಿನ ಕಾವ್ಯ, ಅದನ್ನೇ ತೆಗೆದುಹಾಕುವುದು.

ಮೊಮ್ಮಗನು ರಜೆ ಮುಗಿದು ಹೊರಟುಹೋಗುವಾಗ ಯಂತ್ರವನ್ನು ನನ್ನ ಬಳಿಯೇ ಬಿಟ್ಟುಹೋದನು. ಆ ಗುಂಡಿಯನ್ನು ಮುಟ್ಟುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿರುವೆನು. ಈ ಲೇಖನವನ್ನು ಬರೆಯುವ ದಿನದವರೆಗೆ ಮೊದಲ ಘಟ್ಟವನ್ನು ಆರು ಸಲ ದಾಟಿರುವೆನು. ಎರಡನೆಯ ಘಟ್ಟದ ಮನೆಗಳ ಅಂತಸ್ತುಗಳಲ್ಲಿ ದೈತ್ಯರಂಥ ಆಳುಗಳು ಓಡಾಡುತ್ತಿರುತ್ತಾರೆ. ಅವರಲ್ಲಿ ಎರಡನೆಯವನ ಹತ್ತಿರ ನಾನು ಯಾವಾಗಲೂ ಸ್ವಲ್ಪ ಬೇಗನೆ ನೆಗೆಯುತ್ತಿರುವೆನು. ಅವನು ಗೋಡೆಯವರೆಗೆ ಹೋಗಿ ತಿರುಗುವವರೆಗೂ ಕಾಯಬೇಕೆಂದು ಮೊಮ್ಮಗನು ದೂರವಾಣಿಯಲ್ಲಿ ಹೇಳಿದ್ದಾನೆ.